ಜವರಯ್ಯ ಹಾಕಿದ ರೈಟು

"ಇಪ್ಪತ್ಮೂರು?"

"ಬಿ."

ಜವರಯ್ಯ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕೈಯಲ್ಲಿದ್ದ ಉತ್ತರದ ಹಾಳೆ ನೋಡಿದ. ಇಪ್ಪತ್ಮೂರರ ಮುಂದೆ ಡಿ ಅಂತ ಅಚ್ಚಾಗಿತ್ತು. ಕಣ್ಣೊರೆಸಿಕೊಂಡು ಇನ್ನೊಂದು ಸಲ ನೋಡಿದರೂ ಅದು ಡಿಯೇ. ಎದುರಿಗೆ ಜಗಲಿ ಕಂಬಕ್ಕೆ ಒರಗಿ ಕೂತಿದ್ದ ಮಗಳು ನಯನ ಉಗುರು ಕಚ್ಚುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು.

"ರೈಟು," ಅಂದ ಜವರಯ್ಯ. ತೊಡೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಬಿ ಅಂತ ಬರೆದು, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ರೈಟು ಹಾಕಿದ.

"ನಂಗೂ ಅದೇ ಅನ್ನುಸ್ತು ಕಣಪ್ಪ. ಮುಂದ್ಕೋಗ್ಲಾ?"

"ಓಗವ್ವ."

ಮದ್ದೂರಿನ ಹತ್ತಿರದ ಕೊಪ್ಪದ ಆ ಮನೆಯಲ್ಲಿ, ಜವರಯ್ಯನ ಸಂಜೆಯ ಹಾಲಿನ ಡೈರಿ ಕೆಲಸ ಮುಗಿದ ಮೇಲೆ ದಿನವೂ ನಡೆಯುತ್ತಿದ್ದ ಪರೀಕ್ಷೆ ಇದು. ಅವಳು ಪುಸ್ತಕ ನೋಡಿ ಪ್ರಶ್ನೆ ಓದಿಕೊಂಡು ಎ, ಬಿ, ಸಿ, ಡಿಗಳಲ್ಲಿ ಒಂದನ್ನು ಹೇಳಬೇಕು. ಅವನು ಹಾಳೆ ನೋಡಿ ರೈಟೋ ಇಂಟೋ ಹಾಕಬೇಕು. ಏಳನೇ ಕ್ಲಾಸಿಗೇ ಸ್ಲೇಟು ಬಿಟ್ಟವನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಆದರೆ ನಾಲ್ಕು ಅಕ್ಷರ ಗುರುತು ಹಿಡಿಯುವುದಕ್ಕೆ ಏನು ಮಹಾ ವಿದ್ಯೆ ಬೇಕು! ಪುಸ್ತಕದ ಕೊನೆಯ ಉತ್ತರದ ಹಾಳೆಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಅವನ ಕೈಗೆ ಕೊಟ್ಟವಳು ನಯನಳೇ. "ನನ್ತವ ಇದ್ರೆ ಕದ್ದು ನೋಡ್ಬುಡ್ತೀನಿ. ನೀನು ಡೈರಿ ಬೀರುಲಿ ಬೀಗ ಆಕಿ ಮಡಿಕ್ಕೊ," ಅಂದಿದ್ದಳು. ಅವನು ಹಾಗೇ ಮಾಡಿದ್ದ.

ಶುರುವಿನಲ್ಲಿ ತಮಾಷೆಯೂ ಇತ್ತು. ವರ್ತಮಾನ ಕಾಲದ ಪಾಠದ ದಿನ ಅವಳು ಹಿ ಗೋಸ್, ದೇ ಗೋ ಅಂತ ಉರು ಹೊಡೆಯುತ್ತಿದ್ದರೆ ಜವರಯ್ಯ ಬಾಯಿ ಹಾಕಿದ್ದ. "ಒಬ್ನೇ ಓದ್ರೆ ಎಸ್ಸು, ಅತ್ತು ಜನ ಓದ್ರೆ ಎಸ್ಸಿಲ್ಲ. ಇದ್ಯಾವ ಸೀಮೆ ನ್ಯಾಯ ಕಣವ್ವ?"

"ಇಂಗ್ಲೀಸ್ನೋರ್ನೇ ಕೇಳೋಗು," ಅಂತ ಅವಳು ಬಿದ್ದು ಬಿದ್ದು ನಕ್ಕಿದ್ದಳು.

ನಗುವುದನ್ನೇ ಮರೆತಿದ್ದ ಹುಡುಗಿ ಅವಳು. ಹುಡುಗಿ ಅನ್ನುವುದೇನು ಬಂತು, ಮೂವತ್ತೇಳು ದಾಟಿತ್ತು. ಮಳವಳ್ಳಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಸೂಟ್‌ಕೇಸು ಹಿಡಿದು ಅಪ್ಪನ ಮನೆಗೆ ಬಂದಿದ್ದಳು. ಅವಳ ಕೊರಗಿನಲ್ಲೇ ಅವ್ವ ಚಿಕ್ಕಬೋರಮ್ಮ ತೀರಿಕೊಂಡಳು. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಎಂಟು ವರ್ಷ ಹೊಲಿಗೆ ಮೆಷಿನ್ ತುಳಿದು ಟೈಲರ್ ಗ್ರೇಡಿಗೆ ಏರಿದ್ದ ನಯನಳಿಗೆ ಇದ್ದದ್ದು ಒಂದೇ ಆಸೆ: ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ ಪಾಸು ಮಾಡಿ, ತನ್ನದೂ ಅಂತ ಒಂದು ಕುರ್ಚಿಯಲ್ಲಿ ಕೂರಬೇಕು. ಮೂವತ್ತೆಂಟಾದರೆ ಅರ್ಜಿ ಹಾಕುವ ಹಾಗಿಲ್ಲ. ಅಂದರೆ ಈ ಸಲದ್ದೇ ಕೊನೆ.

ಹೋದ ಸಲ ಕೈ ಕೊಟ್ಟದ್ದು ಇಂಗ್ಲಿಷ್ ಒಂದೇ. ವಾಕ್ಯ ಚಿಕ್ಕದಾದರೆ ಸಲೀಸು. ಮಾಡುವವನು ಒಂದು ಕಡೆ, ಮಾಡಿದ್ದು ಇನ್ನೊಂದು ಕಡೆ, ನಡುವೆ ಎಂಟು ಹತ್ತು ಪದ ತುರುಕಿಬಿಟ್ಟರೆ ಎಡವುತ್ತಿದ್ದಳು. ಫಲಿತಾಂಶ ಬಂದ ದಿನ ಬಾಗಿಲು ಹಾಕಿಕೊಂಡವಳು ಮೂರು ದಿನ ಅನ್ನ ಮುಟ್ಟಲಿಲ್ಲ. ಬಾಗಿಲ ಹೊರಗೆ ತಟ್ಟೆ ಹಿಡಿದು ಕೂತಿದ್ದ ಜವರಯ್ಯನಿಗೆ ಹೆಂಡತಿ ಸತ್ತಾಗಲೂ ಅಷ್ಟು ಹೆದರಿಕೆಯಾಗಿರಲಿಲ್ಲ.

ಅದೇ ಹೆದರಿಕೆ ಒಂದು ಸಂಜೆ ಅವನ ಕೈಯಲ್ಲಿ ಮೊದಲ ಸುಳ್ಳು ರೈಟು ಹಾಕಿಸಿತು. ಐವತ್ತಕ್ಕೆ ಇಪ್ಪತ್ನಾಲ್ಕು ಬಂದಿತ್ತು. ಅರ್ಧವಾದರೂ ಆಗಲಿ ಅಂತ ಒಂದು ಸೇರಿಸಿದ. ಇಪ್ಪತ್ತೈದು ಅಂದಾಗ ಅವಳ ಮುಖ ಅರಳಿದ್ದು ನೋಡಿ ಅವನಿಗೂ ಆ ರಾತ್ರಿ ಊಟ ರುಚಿಸಿತು. ಮಾರನೇ ವಾರ ಮೂರು ಸೇರಿಸಿದ. ಆಮೇಲೆ ಲೆಕ್ಕ ಇಡುವುದನ್ನು ಬಿಟ್ಟ.

ಇದನ್ನು ಊರಿನಲ್ಲಿ ಯಾರಿಗಾದರೂ ಹೇಳಿದರೆ ನಂಬುತ್ತಿರಲಿಲ್ಲ. ಜವರಯ್ಯ ಇಪ್ಪತ್ತಾರು ವರ್ಷದಿಂದ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ನೀರು ಬೆರೆಸಿದವರು ಅವನೆದುರು ತಲೆ ಎತ್ತುವಂತಿರಲಿಲ್ಲ. ಮೊಮ್ಮಗುವಿಗೆ ಜ್ವರ, ಇವತ್ತೊಂದು ದಿನ ನೋಡಿಕೊಳ್ಳಪ್ಪ ಅಂತ ಶಿವನಂಜಮ್ಮ ಅತ್ತರೂ ಫ್ಯಾಟು ಎಷ್ಟಿತ್ತೋ ಅಷ್ಟೇ ಬರೆದಿದ್ದ. ಸ್ವಂತ ಹೆಂಡತಿ ತಂದ ಹಾಲನ್ನೇ ಒಂದು ಸಲ ಸಾಲಿನ ಮುಂದೆ ವಾಪಸ್ಸು ಕಳಿಸಿ, ವಾರ ಪೂರ್ತಿ ತಣ್ಣನೆಯ ಮುದ್ದೆ ತಿಂದಿದ್ದ. ಈಗ ಮೆಷಿನ್ ಬಂದಿದೆ. ಹಾಲು ಹೀರಿಕೊಂಡು ಕೆಂಪು ಅಂಕಿಯಲ್ಲಿ ಫ್ಯಾಟು ತೋರಿಸುತ್ತದೆ. ಆದರೂ ಅಂಕಿ ಅವನ ಕಡೆಗಿರುತ್ತದಲ್ಲ, ಸಾಲಿನಲ್ಲಿರುವವರು ಕತ್ತು ಉದ್ದ ಮಾಡಿ ಇಣುಕಿಯೇ ಇಣುಕುತ್ತಾರೆ. ಅದರಲ್ಲೂ ಕೆಂಪಸಿದ್ದಯ್ಯನ ತಲೆ ಮೆಷಿನ್ನಿನೊಳಕ್ಕೇ ಹೋಗುವಂತಿರುತ್ತದೆ. ಇಣುಕದೆ ಇದ್ದವಳು ಒಬ್ಬಳೇ, ನಯನ. ಹಾಲು ಸುರಿದು, ಚೀಟಿಯನ್ನೂ ಓದದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು.

"ನೋಡ್ಕೊಳವ್ವ, ನಿಮ್ಮಪ್ಪ ನಿನ್ಗೂ ಮೋಸ ಮಾಡ್ಬುಟ್ಟಾನು," ಅಂತ ಕೆಂಪಸಿದ್ದಯ್ಯ ರೇಗಿಸಿದರೆ, "ನಮ್ಮಪ್ಪ ಬರ್ದುದ್ದ ನೋಡೋದೇನು?" ಅನ್ನುತ್ತಿದ್ದಳು. ಜವರಯ್ಯನ ಎದೆ ಆಗ ಒಂದು ಗೇಣು ಉಬ್ಬುತ್ತಿತ್ತು.

ಪರೀಕ್ಷೆಗೆ ಎರಡು ತಿಂಗಳಿರುವಾಗ ಒಂದು ಸಂಜೆ ನಯನ ದಿನಕ್ಕಿಂತ ಮುಂಚೆ ಮನೆಗೆ ಬಂದಳು. ಕೈಯಲ್ಲಿ ಸ್ವೀಟಿನ ಪೊಟ್ಟಣ.

"ಫ್ಯಾಕ್ಟ್ರಿ ಬುಟ್‌ಬುಟ್ಟೆ ಕಣಪ್ಪ."

ಜವರಯ್ಯನ ಕೈಯಲ್ಲಿದ್ದ ಹುಲ್ಲಿನ ಹೊರೆ ಹಾಗೇ ಕೆಳಗಿಳಿಯಿತು. "ಯಾಕವ್ವ?"

"ಮೊನ್ನೆ ನಲವತ್ತೆರಡು ಬಂತಲ್ಲ! ಇನ್ನೆರಡು ತಿಂಗ್ಳು ಕುಂತ್ಕಂಡು ಓದ್ಬುಟ್ರೆ ಕೆಲಸ ಆದಂಗೇಯ. ಅಲ್ಲಿ ಕುಂತ್ಕಂಡು ಕಾಲರ್ ಒಲ್ಯೋದ್ಯಾಕೆ?"

ಎಂಟು ವರ್ಷದ ಗ್ರೇಡು, ತಿಂಗಳು ತಿಂಗಳು ಕೈಗೆ ಬರುತ್ತಿದ್ದ ಸಂಬಳ, ಎಲ್ಲಾ ಆ ಕೆಂಪು ರೈಟುಗಳನ್ನು ನಂಬಿ ಹೋಯಿತು. ಈಗಲೇ ಹೇಳಿಬಿಡಬೇಕು, ನಾಳೆ ಹೋಗಿ ಸೂಪರ್‌ವೈಸರ್ ಕೈಕಾಲು ಹಿಡಿದರೆ ವಾಪಸ್ಸು ಸೇರಿಸಿಕೊಂಡಾರು ಅಂದುಕೊಂಡು ಜವರಯ್ಯ ಬಾಯಿ ತೆರೆದ. ನಯನ ಆ ಬಾಯಿಗೆ ಮೈಸೂರುಪಾಕಿನ ತುಂಡು ಇಟ್ಟಳು. ಅವನು ಅಗಿದು ನುಂಗಿದ.

ಆವತ್ತಿನಿಂದ ಸರಿಯಾಗಿಯೇ ಹಾಕಬೇಕು ಅಂತ ದಿನಾ ಬೆಳಿಗ್ಗೆ ಆಣೆ ಮಾಡಿಕೊಳ್ಳುತ್ತಿದ್ದ. ಸಂಜೆ ಒಂದು ಇಂಟು ಹಾಕಿದರೆ ಸಾಕು, ಅವಳು ಕೆನ್ನೆ ಕಚ್ಚಿಕೊಂಡು ಪುಸ್ತಕ ತಿರುವಿ ಹಾಕುತ್ತಿದ್ದಳು. ಎರಡನೆಯದಕ್ಕೆ ಅವನ ಕೈ ಸೋಲುತ್ತಿತ್ತು. ಥೂ, ಇದೂ ಒಂದು ಕೈಯೇ ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದ.

ಪರೀಕ್ಷೆ ಮಂಡ್ಯದ ಒಂದು ಕಾಲೇಜಿನಲ್ಲಿ. ಜವರಯ್ಯ ಜೊತೆಗೆ ಹೋದ. ಗೇಟಿನ ಹತ್ತಿರ ಮಾಹೀನ್ ಕಾಯುತ್ತಿದ್ದಳು. ಮದ್ದೂರಿನ ಮೆಕ್ಯಾನಿಕ್ ನಜೀರ್ ಅಹ್ಮದರ ಮಗಳು. ಗಾರ್ಮೆಂಟ್ಸಿನಲ್ಲಿ ನಯನಳ ಪಕ್ಕದ ಮೆಷಿನ್ನಿನವಳು, ಡಿಗ್ರಿ ಓದಿದವಳು. ಅವಳದೂ ಅದೇ ಪರೀಕ್ಷೆ.

"ನಯನಕ್ಕ, ಡೌಟ್ ಇರೋದನ್ನ ಬಿಟ್ಬಿಡಿ," ಅಂದಳು ಮಾಹೀನ್. "ನಾಲ್ಕು ತಪ್ಪಾದ್ರೆ ಒಂದು ಮಾರ್ಕ್ಸ್ ಕಟ್ ಮಾಡ್ತಾರೆ. ಹೋದ್ ಸಲ ನೀವು ಬಿಟ್ಟಿದ್ದೇ ಒಳ್ಳೇದಾಗಿತ್ತು."

"ಈ ಸಲ ಒಂದೂ ಬುಡಾಕಿಲ್ಲ ಕಣಮ್ಮ. ಡೌಟೇ ಇಲ್ಲ ನಂಗೆ. ನಮ್ಮಪ್ಪ ಮಾರ್ಕ್ಸ್ ಆಕಿರೋದು, ಗೊತ್ತಾ? ಊರಲ್ಲಿ ಯಾರ್ನಾರ ಕೇಳು, ಸುಮ್‌ಸುಮ್ನೆ ಕೊಡೋನಲ್ಲ."

ಒಳಗೆ ಗಂಟೆ ಹೊಡೆಯಿತು. ಹುಡುಗ ಹುಡುಗಿಯರು ಗೇಟಿಗೆ ನುಗ್ಗಿದರು. ಜವರಯ್ಯ ಅವಳ ಹಿಂದೆ ಎರಡು ಹೆಜ್ಜೆ ಓಡಿದ. ಎಲ್ಲಾ ಬರೆಯಬೇಡ, ಗೊತ್ತಿರುವುದನ್ನಷ್ಟೇ ಬರಿ. ಇಷ್ಟು ಹೇಳಿದರೂ ಸಾಕಿತ್ತು.

"ನಯ್ನಾ!" ಅಂತ ಕೂಗಿದ.

ಅವಳು ನಿಂತು ತಿರುಗಿ ನೋಡಿದಳು. ಬೆಳಿಗ್ಗೆ ಎಣ್ಣೆ ಹಚ್ಚಿ ಬಾಚಿದ್ದ ತಲೆ, ಹೊಸ ಚೂಡಿದಾರ, ಕಣ್ಣಲ್ಲಿ ಹಬ್ಬದ ಕಳೆ.

"ಏನಪ್ಪ?"

"ನೀರಿನ್ ಬಾಟ್ಲು ತಕ್ಕಂಡ್ಯಾ?"

"ಊಂ ಕಣಪ್ಪ," ಅಂತ ಬಾಟಲಿ ಎತ್ತಿ ತೋರಿಸಿ ಒಳಗೆ ಹೋದಳು.

ಹತ್ತು ದಿನದ ಮೇಲೆ ಸರ್ಕಾರದ ಕಡೆಯಿಂದ ಸರಿ ಉತ್ತರದ ಪಟ್ಟಿ ಬಂತು. ನಯನ ಮದ್ದೂರಿಗೆ, ಮಾಹೀನಳ ಮನೆಗೆ ಹೊರಟಳು. ಫೋನಿನಲ್ಲಿ ಒಬ್ಬಳೇ ನೋಡಲು ಧೈರ್ಯ ಸಾಲಲಿಲ್ಲ. ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಅಂದವಳು ಒಂದೂವರೆ ಗಂಟೆಗೆ ಬಂದಳು. ಊಟಕ್ಕೆ ಕೂರದೆ ಒಳಗೆ ಹೋಗಿ, ಇಂಗ್ಲಿಷ್ ಪುಸ್ತಕವನ್ನೂ ಕೆಂಪು ರೈಟಿನ ಮೂರು ನೋಟ್‌ಬುಕ್ಕುಗಳನ್ನೂ ಚೀಲಕ್ಕೆ ಹಾಕಿಕೊಂಡು ಅದೇ ಕಾಲಲ್ಲಿ ಮತ್ತೆ ಮದ್ದೂರಿನ ಬಸ್ಸಿಗೆ ಓಡಿದಳು. ಹಟ್ಟಿಯಲ್ಲಿದ್ದ ಜವರಯ್ಯ ಅದನ್ನು ನೋಡಿದ. ಎಲ್ಲಾ ಮುಗಿಯಿತು ಅಂತ ಅವನಿಗೆ ಆಗಲೇ ಗೊತ್ತಾಯಿತು. ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದನೋ.

ಸಂಜೆ ಅವಳು ಬಂದಾಗ ಅವನು ಜಗಲಿಯ ಮೇಲೆ, ದಿನಾ ಕೂರುವ ಜಾಗದಲ್ಲೇ ಕೂತಿದ್ದ. ನಯನ ಕಂಬಕ್ಕೆ ಒರಗಲಿಲ್ಲ. ಅಂಗಳದಲ್ಲೇ ನಿಂತು ನೋಟ್‌ಬುಕ್ಕುಗಳನ್ನು ಅವನ ಕಾಲ ಹತ್ತಿರ ಇಟ್ಟಳು.

"ಮಾಹೀನು ಪುಸ್ತಕ ಮಡಿಕ್ಕಂಡು ಒಂದೊಂದೇ ನೋಡುದ್ಲು," ಅಂದಳು. "ನಲವತ್ತೆರಡು ಅಂತ ಬರ್ದಿದ್ದೀಯಲ್ಲ, ಅದು ಇಪ್ಪತ್ತಾರಂತೆ."

ಜವರಯ್ಯ ತಲೆ ಎತ್ತಲಿಲ್ಲ.

"ನೀನು ರೈಟು ಆಕ್ದವ್ನೆಲ್ಲ ಅಂಗೇ ಕಲ್ತ್ಕಂಡೆ ಕಣಪ್ಪ ನಾನು. ಪರೀಕ್ಷೇಲೂ ಅಂಗೇ ಬರ್ದೆ. ಇದ್ದ ಮಾರ್ಕ್ಸೂ ಕಟ್ಟಾಯ್ತು." ಅವಳ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ಚೆನ್ನಾಗಿತ್ತು. "ಗೊತ್ತಿಲ್ದವ್ನ ಬುಟ್ಟಿದ್ರೆ ಓದ್ ಸಲಕ್ಕಿಂತ ಜಾಸ್ತಿ ಬರೋದಂತೆ. ಬಾಕಿ ಪೇಪರೆಲ್ಲ ಚೆಂದಾಗಿ ಮಾಡಿದ್ದೆ."

"ನಿನ್ ಮಕ ನೋಡಕ್ಕಾಗ್ನಿಲ್ಲ ಕಣವ್ವ," ಅಂದ ಜವರಯ್ಯ. "ಮೂರು ದಿನ ಅನ್ನ ತಿನ್ದೆ ಬಿದ್ದಿದ್ಯಲ್ಲ..."

"ಶಿವನಂಜಮ್ಮುನ್ ಮಕ ನೋಡಿದ್ಯಾ? ಅವ್ವುನ್ ಮಕ ನೋಡಿದ್ಯಾ?"

ಜವರಯ್ಯ ಕಾಲ ಹತ್ತಿರದ ನೋಟ್‌ಬುಕ್ಕೊಂದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ನಂಗೂ ಅಂಗೇ ಮಾಡ್ಬೇಕಾಗಿತ್ತು," ಅಂದು ನಯನ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಒಲೆ ಹಚ್ಚಿ, ಮುದ್ದೆ ತಿರುವಿ, ಇಬ್ಬರಿಗೂ ಬಡಿಸಿದಳು. ತಾನೂ ತಿಂದಳು.

ಶ್ರಾವಣ ಶುರುವಾಗುವ ಹೊತ್ತಿಗೆ ಅವಳಿಗೆ ಮೂವತ್ತೆಂಟು ತುಂಬಿತು. ಫ್ಯಾಕ್ಟರಿಯವರು ವಾಪಸ್ಸು ಸೇರಿಸಿಕೊಂಡರು. ಟೈಲರ್ ಆಗಿ ಅಲ್ಲ, ಹೊಸಬರ ಜೊತೆ ಹೆಲ್ಪರ್ ಆಗಿ. ಉತ್ತರದ ಹಾಳೆಗಳು ಡೈರಿಯ ಬೀರುವಿನಲ್ಲೇ ಉಳಿದವು. ಅವಳು ಕೇಳಲಿಲ್ಲ, ಅವನೂ ಕೊಡಲಿಲ್ಲ.

ಕೆಲಸಕ್ಕೆ ಮತ್ತೆ ಹೊರಟ ಮೊದಲ ದಿನ ಬೆಳಿಗ್ಗೆ ನಯನ ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ಹಾಲಿನ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಂತಳು. ಮುಂದೆ ಶಿವನಂಜಮ್ಮ, ಹಿಂದೆ ಕೆಂಪಸಿದ್ದಯ್ಯ. ಅವಳ ಸರದಿ ಬಂದಾಗ ಜವರಯ್ಯ ಹಾಲನ್ನು ಸಣ್ಣ ಲೋಟಕ್ಕೆ ತೆಗೆದು ಮೆಷಿನ್ನಿಗೆ ಹಿಡಿದ. ಮೆಷಿನ್ ಗುಂಯ್‌ಗುಟ್ಟಿ ಹಾಲು ಹೀರಿಕೊಂಡಿತು.

"ಫ್ಯಾಟು ಮೂರು ಪಾಯಿಂಟ್ ಆರು," ಅಂದ, ಎಲ್ಲರಿಗೂ ಹೇಳುವ ಹಾಗೆ ಗಟ್ಟಿಯಾಗಿ.

ನಯನ ಹೋಗಲಿಲ್ಲ. ಮೇಜಿನ ಅಂಚಿಗೆ ಒಂದು ಕೈ ಊರಿ, ಬಗ್ಗಿ, ಕತ್ತು ಚಾಚಿ ಮೆಷಿನ್ನಿನ ಅಂಕಿ ನೋಡಿದಳು. ಚೀಟಿ ತೆಗೆದುಕೊಂಡು ಅದನ್ನೂ ಓದಿದಳು. ಹಿಂದೆ ಏನೋ ರೇಗಿಸಲು ಹೊರಟಿದ್ದ ಕೆಂಪಸಿದ್ದಯ್ಯ ಅವಳ ಮುಖ ನೋಡಿ ಸುಮ್ಮನಾದ. ರಸ್ತೆಯಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಖಾಲಿ ಕ್ಯಾನನ್ನು ಗೋಡೆಗೆ ಒರಗಿಸಿಟ್ಟು ಹೊರಟಳು.

ಬಸ್ಸು ಕಣ್ಮರೆಯಾದ ಮೇಲೆ ಜವರಯ್ಯ ಮೆಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು, ಅಂಕಿ ಸಾಲಿನವರಿಗೆ ಕಾಣುವಂತೆ ಆ ಕಡೆಗೆ ತಿರುಗಿಸಿಟ್ಟ.