ಪರದೆಯ ಈಚೆ

"ಕರೀ ಲೌಡಿ, ನನ್ನ ಮಗನ ಕೈ ಹಿಡಿಯೋಷ್ಟು ಸೊಕ್ಕೇನೇ ನಿಂಗೆ?"

ಲಾಂಡ್ರಿ ಮಾಲೀಕನ ಕೂಗಿಗೆ ಹಿಂದಿನ ಕೋಣೆಯ ಇಸ್ತ್ರಿಗಳೆಲ್ಲ ನಿಂತವು. ಹದಿನೇಳರ ಹುಡುಗಿ ಮಾತ್ರ ಹಿಡಿದ ಕಾಲರನ್ನು ಮುಗಿಸಿಯೇ ತಲೆಯೆತ್ತಿದಳು.

ಆ ಕೋಣೆಯ ಹಬೆಯಲ್ಲಿ ಬೇಯುವವರೆಲ್ಲ ಕರಿಯರು. ಮುಂದಿನ ಕೌಂಟರಿನಲ್ಲಿ ನಿಲ್ಲುವವರು, ಅಲ್ಲಿಗೆ ಬರುವವರು ಬಿಳಿಯರು. ನಡುವೆ ದಪ್ಪನೆಯ ಪರದೆ. ಬಟ್ಟೆ ಯಾರ ಕೈಯಲ್ಲಿ ಬೆಳ್ಳಗಾಯಿತೆಂಬುದು ಗಿರಾಕಿಗಳ ಕಣ್ಣಿಗೆ ಬೀಳಬಾರದು. ಅದು ಅಂಗಡಿಯ ಮರ್ಯಾದೆ. ಶಾಲೆ ಬಿಟ್ಟ ಮೇಲೆ ಕೌಂಟರಿಗೆ ನಿಲ್ಲುವ ಮಾಲೀಕನ ಮಗ ಮಡಿಸಿದ ಬಟ್ಟೆ ಒಯ್ಯಲು ಪರದೆ ಸರಿಸಿ ಬರುತ್ತಿದ್ದ. ಬಂದವನು ಹೋಗುವುದನ್ನೇ ಮರೆಯುತ್ತಿದ್ದ. ಇವತ್ತು ಅಪ್ಪ ಬೆನ್ನಿಗೇ ಬಂದಿದ್ದ.

"ಧಣಿ, ಚಿಕ್ಕ ಹುಡುಗಿ, ತಿಳೀದೆ ಮಾಡಿದ್ಲು," ಪಕ್ಕದಲ್ಲೇ ಇಸ್ತ್ರಿ ಮಾಡುತ್ತಿದ್ದ ಅವಳ ಅಜ್ಜಿ ಕೈಮುಗಿದಳು.

"ಸುಮ್ನಿರಜ್ಜಿ. ತಿಳಿದೇ ಮಾಡಿದ್ದು."

ಮಾಲೀಕ ಮಗನ ಕಡೆ ತಿರುಗಿದ. "ಇವಳು ನಂಗೇನೂ ಅಲ್ಲ ಅಂತ ಇವಳ ಮುಖಕ್ಕೇ ಹೇಳು. ಇಲ್ದಿದ್ರೆ ಮುದುಕಿ, ಮೊಮ್ಮಗಳು ಇಬ್ರೂ ಬೀದಿಗೆ."

"ಇವಳು ನಂಗೇನೂ ಅಲ್ಲ," ಎಂದ ಹುಡುಗ, ಮೇಜಿನ ಮೇಲಿದ್ದ ಗುಂಡಿ ಡಬ್ಬಿಗೆ ಹೇಳುವ ಹಾಗೆ.

ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗಂಜಿ ಹಾಕಿದ ಶರ್ಟಾದ್ರೂ ನೆಟ್ಟಗೆ ನಿಲ್ಲುತ್ತೆ ಕಣೋ."

ತೋಳಿನ ತುಂಬ ಬಟ್ಟೆ ಹೇರಿಕೊಂಡು ಪರದೆ ದಾಟಿದಳು. ಕೌಂಟರಿನಾಚೆ ಗಿರಾಕಿಗಳ ಸಾಲಿತ್ತು. ಮೊದಲು ನಿಂತಿದ್ದ ಹೆಂಗಸಿನ ಮುಂದೆ ಒಂದು ಕೋಟು ಇಟ್ಟಳು.

"ನಿಮ್ದೇ ಅಲ್ವಾ ಅಮ್ಮಾವ್ರೆ? ಬಗಲ ಬೆವರಿನ ಕಲೆ ಬಿಡ್ತಾನೇ ಇರ್ಲಿಲ್ಲ. ಈ ಕೈಯಲ್ಲೇ ಉಜ್ಜಿದೆ."

ಹೆಂಗಸು ಚಾಚಿದ ಕೈಯನ್ನು ಹಿಂದೆಳೆದುಕೊಂಡಳು. "ಇವಳು ಮುಟ್ಟಿದ್ದಾ? ನಂಗೆ ಬೇಡ."

"ಬೇಡ್ವಾ? ಹಂಗಾದ್ರೆ ಮೈಮೇಲಿರೋದನ್ನೂ ಬಿಚ್ಚಿಡಿ. ಹೋದ ಸಲ ಅದನ್ನೂ ನಾನೇ ಒಗ್ದಿದ್ದು."

ಸಾಲಿನಲ್ಲಿದ್ದವರ ಕೈಗಳು ತಂತಮ್ಮ ಕಾಲರುಗಳ ಮೇಲೆ ಹೋದವು.

"ಒಳಗೆ ಹೋಗೇ, ಹಲ್ಕಾ ಮುಂಡೆ," ಮಾಲೀಕ ಹಲ್ಲು ಕಚ್ಚಿ ಪಿಸುಗುಟ್ಟಿದ, ಗಿರಾಕಿಗಳಿಗೆ ಹಲ್ಕಿರಿಯುತ್ತ. ಹುಡುಗ ಪರದೆಯ ಅಂಚು ಹಿಡಿದು ನಿಂತಿದ್ದ. ಮುಂದೆ ಬರಲಿಲ್ಲ, ಹಿಂದೆ ಹೋಗಲೂ ಇಲ್ಲ.

ಅವನನ್ನು ಮೊಣಕೈಯಿಂದ ಆಚೆ ತಳ್ಳಿ ಅಜ್ಜಿ ಹೊರಬಂದಳು. ಒಂದು ಗಂಟನ್ನು ಕೌಂಟರಿನ ಮೇಲೆ ಧಪ್ಪನೆ ಹಾಕಿ ಬಿಚ್ಚತೊಡಗಿದಳು.

"ಒಳಚಡ್ಡಿಗಳೆಲ್ಲ ಇಲ್ಲಿವೆ ಕಣೆ. ಚೀಟಿ ನೋಡಿ ಒಬ್ಬೊಬ್ಬರ ಹೆಸರೂ ಕೂಗು."