ಉರಿಹೂವಿಗೆ ಒಂದು ಕುಂಡ

ನಾಲ್ಕು ದಿಕ್ಕಿಗೂ ಗಾಜಿನ ಗೋಡೆಯಿದ್ದ ಒಂದು ಊರು. ಒಳಗೆಲ್ಲ ಉಪ್ಪುನೀರು. ಮೇಲೆ ನೀಲಿ ದೀಪ ಹೊತ್ತಿಕೊಂಡರೆ ಹಗಲು, ಆರಿದರೆ ರಾತ್ರಿ. ದಿನಕ್ಕೆರಡು ಸಲ ಆಕಾಶದಿಂದ ಒಂದು ದೊಡ್ಡ ಕೈ ಇಳಿದು ಊಟ ಉದುರಿಸಿ ಹೋಗುತ್ತಿತ್ತು. ದುಡಿಮೆಯ ಚಿಂತೆ ಇಲ್ಲದ ಇಂಥ ಕಡೆ ಜನಕ್ಕೆ ಉಳಿಯುವುದು ಎರಡೇ ಕೆಲಸ. ಒಂದು, ಮನೆ ಮುಂದೆ ಗುಡಿಸುವುದು. ಇನ್ನೊಂದು, ಪಕ್ಕದ ಮನೆಯವರು ಸರಿಯಾಗಿ ಗುಡಿಸಿಲ್ಲವೆಂದು ಹೇಳುವುದು.

ಗುಡಿಸುವುದರಲ್ಲಿ ಆ ಊರನ್ನು ಮೀರಿಸಿದವರಿಲ್ಲ. ದೀಪ ಹೊತ್ತಿದ ಕೂಡಲೆ ಪ್ರತಿಯೊಬ್ಬರೂ ತಮ್ಮ ಕಲ್ಲಿನ ಮುಂದಿನ ಕಸವನ್ನು ಬಲಗಡೆಯ ಮನೆಯ ಮುಂದಕ್ಕೆ ತಳ್ಳುತ್ತಿದ್ದರು. ಆ ಮನೆಯವರು ಅವರ ಬಲಕ್ಕೆ. ಹೀಗೆ ಊರು ಸುತ್ತಿ, ದೀಪ ಆರುವ ಹೊತ್ತಿಗೆ ಕಸ ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಕತ್ತಲಲ್ಲಿ ಅದನ್ನು ನೋಡುವವರು ಯಾರು? ಕಸಕ್ಕೆ ಜೀವ ಬರುವ ತನಕ ಆ ಏರ್ಪಾಡು ಸೊಗಸಾಗಿಯೇ ನಡೆಯಿತು.

ಒಂದು ದಿನ ಕೈ ಒಂದು ಹೊಸ ಕಲ್ಲನ್ನು ತಂದಿಟ್ಟಿತು. ಅದರ ಮೇಲೆ ಉಗುರಿನಷ್ಟು ದೊಡ್ಡ, ಕಂದು ಬಣ್ಣದ ಹೂವೊಂದಿತ್ತು. ದಳಗಳ ಬದಲು ಎಳೆ ಎಳೆ ಕೂದಲು. ಎಲ್ಲರೂ ಚೆನ್ನಾಗಿದೆ ಎಂದರು. ಹತ್ತಿರ ಹೋಗಿ ಮುಟ್ಟಿದರು. ಬೆಂಕಿ ತಾಕಿದಂತೆ ಹಿಂದಕ್ಕೆ ಹಾರಿದರು. ಅದಕ್ಕೆ ಉರಿಹೂ ಎಂಬ ಹೆಸರು ಅವತ್ತೇ ಬಂತು.

ಓಡಬಲ್ಲವರಿಗೆ ಉರಿಹೂವೆಂದರೆ ಬರೀ ತುರಿಕೆ. ಆದರೆ ಊರ ನಡುವಿನ ಬಂಡೆಗೆ ಬೇರುಬಿಟ್ಟಿದ್ದ ಹವಳಜ್ಜಿ ಓಡುವ ಹಾಗಿರಲಿಲ್ಲ. ಹೂವಿನ ಎಳೆ ತಾಕಿದ ಕಡೆ ಅವಳ ಮೈ ಬೆಳ್ಳಗಾಗಿ, ಮಾಂಸ ಉದುರಿ, ಒಳಗಿನ ಎಲುಬು ಕಾಣುತ್ತಿತ್ತು. ಒಂದೊಂದು ಹೂ ಹತ್ತಿರವಾದಾಗಲೂ ಅವಳ ಆಯಸ್ಸು ಒಂದೊಂದು ಗೇಣು ಕಡಿಮೆ.

ಊರ ಪಟೇಲನಾಗಿದ್ದ ಹಳದಿ ಮೀನು ಪಂಚಾಯಿತಿ ಕರೆದ. ಮೀನುಗಳ ಮೈ ಚೊಕ್ಕಟ ಮಾಡಿ ಬದುಕುತ್ತಿದ್ದ ಸೀಗಡಿಯ ಕಡೆ ತಿರುಗಿ, "ಚೂಪು ಕತ್ತರಿ ಇರೋನು ನೀನೊಬ್ಬನೇ. ಕತ್ತರಿಸಿ ಬಿಸಾಕು" ಎಂದ.

ಸೀಗಡಿ ಹೂವನ್ನು ನಾಲ್ಕು ತುಂಡು ಮಾಡಿದ. ಬೆಳಿಗ್ಗೆ ಆ ತುಂಡುಗಳನ್ನು ಗುಡಿಸಿ ಬಲಕ್ಕೆ ತಳ್ಳಿದ. ವಾರ ಕಳೆಯುವಷ್ಟರಲ್ಲಿ ನಾಲ್ಕು ತುಂಡು ನಾಲ್ಕು ಹೂವಾಗಿ, ನಾಲ್ಕು ಮನೆ ಮುಂದೆ ತಲೆಗೂದಲು ಬಿಚ್ಚಿಕೊಂಡು ನಿಂತಿದ್ದವು. ಅವನ್ನೂ ಕತ್ತರಿಸಿದರು, ಅವನ್ನೂ ಗುಡಿಸಿದರು.

"ನಿಮ್ಮ ಕಡೆಯಿಂದಲೇ ಬಂದಿದ್ದು ಕಣಯ್ಯಾ ಇದು!"

"ನಮ್ಮ ಬಾಗಿಲು ನೋಡ್ರೀ, ಕನ್ನಡಿ ಇದ್ದ ಹಾಗಿದೆ. ನಿಮ್ಮದು ನೀವು ನೋಡ್ಕೊಳ್ಳಿ."

ಎಲ್ಲರ ಬಾಗಿಲೂ ಬೆಳಿಗ್ಗೆ ಕನ್ನಡಿ, ಸಂಜೆ ಕಾಡು.

ಆ ಊರಿನಲ್ಲಿ ಖಾಲಿ ಶಂಖಗಳ ವ್ಯಾಪಾರ ಮಾಡುವ ಒಬ್ಬ ಸಾಹುಕಾರನಿದ್ದ. ಜಾತಿಯಲ್ಲಿ ಏಡಿ, ವಾಸ ಶಂಖದೊಳಗೆ. ಕಡಿಮೆ ಮಾತಿನವನು, ಆದರೆ ಯಾವ ಸರಕು ಎಲ್ಲಿ ಹೆಚ್ಚುತ್ತಿದೆ ಎಂಬುದು ಅವನ ಕಣ್ಣಿಗೆ ಬೇಗ ಬೀಳುತ್ತಿತ್ತು. "ಪಟೇಲ್ರೇ, ಕತ್ತರಿಗೆ ಕೆಲಸ ಹೆಚ್ಚಿದಷ್ಟೂ ಹೂವೂ ಹೆಚ್ತಾ ಇದೆಯಲ್ಲ?" ಎಂದು ಕೇಳಿದ.

"ಅಂದ್ರೆ ಇನ್ನೂ ಚೂಪಾದ ಕತ್ತರಿ ಬೇಕು ಅಂತಾಯ್ತು" ಎಂದ ಪಟೇಲ.

ಅಜ್ಜಿಯ ಮೈ ಅರ್ಧ ಬಿಳುಚಿತು. ಆಗ ಒಂದು ಮಧ್ಯಾಹ್ನ ಕೈ ಮತ್ತೆ ಇಳಿದು, ಚಿಪ್ಪಿಲ್ಲದ ಒಂದು ಪುಟ್ಟ ಬಸವನಹುಳುವನ್ನು ಮರಳಿನ ಮೇಲೆ ಬಿಟ್ಟು ಹೋಯಿತು. ಬೆನ್ನ ತುಂಬ ಬಿಳಿ ಗೊಂಡೆ, ಮದುವೆ ಮನೆಗೆ ಹೊರಟವಳ ಹಾಗೆ. ಊರವರು ಅವಳನ್ನು ಗೊಂಡೆಮ್ಮ ಎಂದು ಕರೆದರು.

"ಏನು ತಿಂತೀಯಮ್ಮಾ?" ಎಂದು ಸಾಹುಕಾರ ವಿಚಾರಿಸಿದ.

"ಉರಿಹೂ."

"ಜೊತೆಗೆ?"

"ಉರಿಹೂನೇ."

"ಕೂಲಿ?"

"ಊಟ ಹಾಕಿದ್ರೆ ಸಾಕಣ್ಣ."

"ಊಟ ಅಂದ್ರೆ?"

"ಹೇಳಿದ್ನಲ್ಲ!"

ಸಾಹುಕಾರ ಕಣ್ಣಳತೆಯಲ್ಲೇ ಊರಿನ ಉರಿಹೂಗಳನ್ನು ಎಣಿಸಿದ. "ಅದು ಮುಗಿದ ಮೇಲೆ?"

"ಅಪಶಕುನ ನುಡೀಬೇಡಿ ಸಾಹುಕಾರ್ರೇ, ಮೊದಲು ಮುಗೀಲಿ" ಎಂದು ಪಟೇಲ ಬಾಲ ಬೀಸಿದ. ಸಾಹುಕಾರ ಮನೆಗೆ ಹೋಗಿ, ಮಾರಲಿಟ್ಟಿದ್ದ ಶಂಖಗಳಲ್ಲಿ ಒಂದನ್ನು ತೆಗೆದು ಒಳಗಿಟ್ಟ.

ಗೊಂಡೆಮ್ಮ ಕತ್ತರಿ ತರಲಿಲ್ಲ, ಭಾಷಣ ಮಾಡಲಿಲ್ಲ. ಹೂವಿನ ಬುಡಕ್ಕೆ ಬಾಯಿಟ್ಟು ಒಂದು ಚೂರೂ ಉದುರದ ಹಾಗೆ ತಿಂದಳು. ಉದುರದಿದ್ದುದರಿಂದ ಗುಡಿಸಲು ಏನೂ ಉಳಿಯಲಿಲ್ಲ. ಜಿಲೇಬಿಯ ಹಾಗೆ ಸುರುಳಿ ಸುರುಳಿ ಮೊಟ್ಟೆಯಿಟ್ಟಳು. ಮಕ್ಕಳೂ ತಾಯಿಯ ಜೊತೆ ಊಟಕ್ಕೆ ಕೂತವು. ಮೂರು ತಿಂಗಳಲ್ಲಿ ಊರು ತೊಳೆದಿಟ್ಟ ಹಾಗಾಯಿತು. ಹವಳಜ್ಜಿಯ ಮೈಯಲ್ಲಿ ಗುಲಾಬಿ ಬಣ್ಣ ಮರಳಿತು.

ಊರು ಸನ್ಮಾನ ಇಟ್ಟುಕೊಂಡಿತು. ಪಾಚಿಯ ಶಾಲು, ಮುತ್ತಿನ ಹಾರ, ಪಟೇಲನ ಒಂದು ಗಂಟೆಯ ಮಾತು. ಎಲೆ ತುಂಬ ಬಡಿಸಿದರು. ಗೊಂಡೆಮ್ಮ ಮುಟ್ಟಲಿಲ್ಲ. ಅವಳ ಮಕ್ಕಳು ಗಾಜಿಗೆ ಅಂಟಿಕೊಂಡು ದಾರದೆಳೆಯಷ್ಟು ಸಣ್ಣಗಾಗಿದ್ದವು.

"ಸಂಕೋಚ ಬೇಡಮ್ಮ, ತಗೊಳ್ಳಿ" ಎಂದ ಪಟೇಲ.

"ಸಂಕೋಚ ಅಲ್ಲ ಪಟೇಲ್ರೇ. ಹತ್ತು ದಿನ ಆಯ್ತು ಊಟ ಮಾಡಿ. ಕೆಲಸ ಪೂರ್ತಿ ಮುಗಿಸಿಬಿಟ್ಟೆ ನೋಡಿ."

ಅಷ್ಟರಲ್ಲಿ ಸೀಗಡಿ ಕಿರುಚಿದ, "ಅಯ್ಯಯ್ಯೋ, ಅಜ್ಜಿ ಕಾಲ ಬುಡದಲ್ಲಿ ಒಂದು!"

ನಿಜವಾಗಿಯೂ ಒಂದಿತ್ತು. ಬಂಡೆಯ ಬಿರುಕಿನಲ್ಲಿ, ಸಾಸಿವೆ ಕಾಳಿನಷ್ಟು ದಪ್ಪ, ಆಗ ತಾನೇ ಕಣ್ಣುಬಿಟ್ಟ ಮೊಗ್ಗು. "ಕತ್ತರಿ! ಕತ್ತರಿ!" ಎಂದು ಪಟೇಲ ಕೂಗಿದ. ಗೊಂಡೆಮ್ಮನೂ ಆಸೆಯಿಂದ ಆ ಕಡೆಗೇ ತೆವಳಿದಳು.

"ಇಬ್ಬರೂ ಅಲ್ಲೇ ನಿಂತ್ಕೊಳ್ಳಿ" ಎಂದಳು ಹವಳಜ್ಜಿ.

"ಅಜ್ಜೀ, ನಿಮ್ಮ ಕಾಲಲ್ಲೇ ಇದೆ!" ಎಂದ ಪಟೇಲ.

"ನನ್ನ ಕಾಲು ಕಣಯ್ಯಾ, ನಂಗೊತ್ತಿಲ್ವಾ? ಇವತ್ತು ಇವಳು ಇದೊಂದನ್ನ ತಿಂದು ನಾಳೆ ಸತ್ತಳು ಅಂತ ಇಟ್ಕೋ. ನಾಡಿದ್ದು ಆ ಕೈ ಇನ್ನೊಂದು ಕಲ್ಲು ತಂದಿಡುತ್ತೆ. ಆಗ ನನ್ನ ಕಾಯೋರು ಯಾರು? ನೀನಾ, ನಿನ್ನ ಕತ್ತರೀನಾ?"

ಅಷ್ಟು ಹೊತ್ತಿಗೆ ಸಾಹುಕಾರ, ಒಳಗಿಟ್ಟಿದ್ದ ಆ ಶಂಖವನ್ನು ಎಳೆದುಕೊಂಡು ಬಂದಿದ್ದ. ಅದರ ಬಾಯನ್ನು ಮೊಗ್ಗಿನ ಪಕ್ಕ ಒಡ್ಡಿ, ಒಳಗೆ ಒಂದು ತುತ್ತು ಊಟ ಇಟ್ಟ. ಎಷ್ಟೋ ಕತ್ತರಿಗೆ ಜಗ್ಗದಿದ್ದ ಕುಲದ ಆ ಮೊಗ್ಗು, ತುತ್ತಿನ ವಾಸನೆ ಹಿಡಿದು ಬುಡ ಸಡಿಲಿಸಿ, ಮೂರು ದಿನ ಮೆಲ್ಲಗೆ ಜರುಗಿ, ತಾನಾಗಿಯೇ ಶಂಖದೊಳಗೆ ಹೋಗಿ ಕೂತಿತು. ಸಾಹುಕಾರ ಅದನ್ನು ಅಜ್ಜಿಯಿಂದ ದೂರದ ಮರಳಿನ ಮೂಲೆಗೆ ಎಳೆದೊಯ್ದು, ತಿನ್ನಿಸಿ ದಪ್ಪ ಮಾಡಿ, ಸೀಗಡಿಯನ್ನು ಕರೆದ.

"ಈಗ ಕತ್ತರಿಸಪ್ಪ. ನಾಲ್ಕು ತುಂಡು. ಒಂದು ಊಟಕ್ಕೆ, ಮೂರು ಬಿತ್ತನೆಗೆ. ಬಿತ್ತನೆಗೆ ಬಾಯಿ ಹಾಕಿದ್ರೆ ಗೊಂಡೆಮ್ಮನಾದ್ರೂ ಸರಿ, ನಾನು ಸುಮ್ಮನಿರೋಲ್ಲ."

ಹೊಟ್ಟೆ ಬೆನ್ನಿಗಂಟಿದ್ದ ತಾಯಿ ಮಕ್ಕಳು ಆ ಒಂದು ತುಂಡನ್ನು ಹಂಚಿಕೊಂಡು ಉಳಿದುಕೊಂಡರು. ಮುಂದಿನ ಸಲ ಮೂರು ತುಂಡು ಊಟಕ್ಕೆ ಸಿಕ್ಕಿತು. ಹೊಸ ಕಲ್ಲು ಬಂದಾಗ ಗೊಂಡೆಮ್ಮ ಎಲ್ಲರಿಗಿಂತ ಮುಂಚೆ ಅದನ್ನು ಏರಿ ನೋಡಿದಳು, ಅಜ್ಜಿ ನಿಶ್ಚಿಂತೆಯಿಂದ ಕೈಕಾಲು ಚಾಚಿ ಬೆಳೆದಳು.

ಊರ ಕಾಪಾಡುವವಳಿಗೆ ಊಟ ಹಾಕುವುದು ಪುಣ್ಯವೆಂದು ಮನೆಮನೆಯವರೂ ಉರಿಹೂ ಬೆಳೆಸಲು ಕುಂಡ ಕೇಳತೊಡಗಿದರು. ಸಾಹುಕಾರನ ಬಳಿ ಖಾಲಿ ಶಂಖಗಳು ಬೇಕಾದಷ್ಟಿದ್ದವು.

"ಏನ್ರೀ, ನಿಮ್ಮನೆ ಉರಿಹೂ ಬಾಡಿದ ಹಾಗಿದೆ?"

"ದೃಷ್ಟಿ ತಾಕಿದೆ ಕಣ್ರೀ. ನಿಮ್ಮದರಲ್ಲಿ ಒಂದು ಚೂರು ಕೊಡ್ತೀರಾ?"

"ಚೂರಾ? ಗೊಂಡೆಮ್ಮ ನಾಳೆ ನಮ್ಮನೆಗೆ ಊಟಕ್ಕೆ ಬರ್ತಾರೆ, ಎಲ್ಲಿಂದ ಕೊಡ್ಲಿ?"

ದೀಪ ಹೊತ್ತಿದ ಕೂಡಲೆ ಗುಡಿಸುವ ಪದ್ಧತಿಯನ್ನು ಮಾತ್ರ ಯಾರೂ ಬಿಡಲಿಲ್ಲ. ಆದರೆ ಈಗ ಎಲ್ಲರೂ ಬಲಗಡೆ ಮನೆಯ ಅಂಗಳದಿಂದ ತಮ್ಮ ಕಡೆಗೆ ಎಳೆದುಕೊಂಡು ಗುಡಿಸುತ್ತಿದ್ದರು. ಕಸದಲ್ಲಿ ಅಪ್ಪಿತಪ್ಪಿ ಒಂದು ತುಂಡು ಸಿಕ್ಕರೆ, ಸಿಕ್ಕಲಿ ಎಂದು. ಕಸ ಊರನ್ನು ಹಿಂದುಮುಂದಾಗಿ ಸುತ್ತತೊಡಗಿತು.

ಒಂದು ದಿನ ಪಟೇಲನ ಮನೆಯ ಕುಂಡದಲ್ಲಿದ್ದ ಉರಿಹೂ ಮೊದಲ ಸಲ ಬಾಯಿಬಿಟ್ಟು ಮಾತಾಡಿತು. "ಏನಮ್ಮಾ ಗೊಂಡೆಮ್ಮ, ಇದೆಂಥ ಕಾಲ ಬಂತು! ನನ್ನ ಕಂಡ್ರೆ ಆಗದೆ ಇದ್ದಾಗ ಊರಿಗೆ ಊರೇ ನಂದಾಗಿತ್ತು. ಈಗ ದಿನಾ ಹೊತ್ತಿಗೆ ಸರಿಯಾಗಿ ತುತ್ತು ಕೊಡ್ತಾರೆ, ಬಾಡಿದ್ರೆ ಅಳ್ತಾರೆ. ಆದ್ರೆ ನೋಡು, ಮನೆಗೊಂದು ಕುಂಡ. ಅದರಾಚೆಗೆ ಒಂದು ಬೆರಳಷ್ಟೂ ಜಾಗ ಇಲ್ಲ. ಇವರು ನನ್ನ ಸಾಕ್ತಿದ್ದಾರೋ, ಗೆದ್ದಿದ್ದಾರೋ?"

ಗೊಂಡೆಮ್ಮ ಇನ್ನೊಂದು ತುತ್ತು ಕಚ್ಚಿದಳು. ಅವಳ ಬಾಯಿ ತುಂಬ ಊಟವಿತ್ತು.