ಹನ್ನೊಂದು ಕೇಸು

ಟಿವಿಯಲ್ಲಿ ಕಾರು ಓಡಿದರೆ ಹೆದರುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಪಂಕ್ಚರ್ ಅಂಗಡಿಯ ಮೌನಪ್ಪ ಕಾರಿಗೆ ಹೆದರುತ್ತಾನೆ ಅಂದರೆ ಸಿರವಾರದ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕಾರು. ನಗಲಿ. ಎಪ್ಪತ್ತಾರನೇ ಇಸವಿಯ ಆ ಮಧ್ಯಾಹ್ನ ಅವರಿಗೇನು ಗೊತ್ತು?

ತುರ್ತು ಪರಿಸ್ಥಿತಿಯ ಆ ವರ್ಷ ಸರಕಾರಿ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಜೋಳದ ಹೊಲಕ್ಕೆ ಓಡುತ್ತಿದ್ದರು. ಹಿಡಿದುಕೊಂಡು ಹೋಗಿ ಮಕ್ಕಳಾಗದಂತೆ ಆಪರೇಷನ್ ಮಾಡುತ್ತಾರೆಂಬ ಸುದ್ದಿ. ಸುದ್ದಿಯೇನು ಬಂತು, ನಮ್ಮ ಓಣಿಯಲ್ಲೇ ಇಬ್ಬರಿಗೆ ಆಗಿತ್ತು. ಹಾಗೆ ಆದವನಿಗೆ ‘ಕೇಸು’ ಅನ್ನುತ್ತಿದ್ದರು. ಈ ತಿಂಗಳು ಎಷ್ಟು ಕೇಸು, ಸರಕಾರದ ಲೆಕ್ಕ ತುಂಬಿಸಲು ಯಾವ ಮೇಷ್ಟ್ರು ಎಷ್ಟು ಕೇಸು ಕೊಟ್ಟರು, ಚಹದಂಗಡಿಯಲ್ಲಿ ಇದೇ ಮಾತು. ಕೋರ್ಟಿನ ಕೇಸು ಎಂಬುದೊಂದು ಇದೆ ಅನ್ನುವುದನ್ನೇ ನಾವು ಮರೆತಿದ್ದೆವು.

ನನಗೆ ಆಗಲೇ ಇಬ್ಬರು ಹೆಣ್ಣುಮಕ್ಕಳು. ನನ್ನ ದಿಗಿಲೆಲ್ಲ ತಮ್ಮ ಆದೆಪ್ಪನದು. ಇಪ್ಪತ್ತೆರಡು ವರ್ಷಕ್ಕೇ ದಪ್ಪ ಮೀಸೆ ಬಿಟ್ಟಿದ್ದ. ನೋಡಿದವರು ಮೂರು ಮಕ್ಕಳ ತಂದೆ ಅನ್ನಬೇಕು, ಹಾಗೆ. ಬೋಳಿಸೋ ಅಂದರೆ ಕೇಳುತ್ತಿರಲಿಲ್ಲ. ಕವಿತಾಳದ ಅಮರಮ್ಮನ ಜೊತೆ ಮದುವೆ ನಿಶ್ಚಯವಾಗಿತ್ತು, ಅವಳಿಗೆ ಮೀಸೆ ಇಷ್ಟವಂತೆ! ಅವ್ವ ಯಮನಮ್ಮ ದಿನವೂ ಬುತ್ತಿ ಕಟ್ಟುತ್ತಾ ಒಂದೇ ಮಾತು ಹೇಳುವಳು: “ಅಂಗಡಿ ಹೋದ್ರ ಹೋಗ್ಲಿ ಮೌನಪ್ಪಾ. ತಮ್ಮನ್ನ ಕಾಯೋ ಯಪ್ಪಾ.”

ಆ ದಿನ ದೇವದುರ್ಗದ ಕಡೆಯಿಂದ ಎರಡು ಸಣ್ಣ ಕಾರು, ಹಿಂದೆ ಒಂದು ಬಿಳಿ ವ್ಯಾನು ಬಂದು ಅಂಗಡಿಯ ಮುಂದೆ ನಿಂತವು. ಇಳಿದವರು ಬಿಸಿಲಿಗೆ ಕೆಂಪಾದ ವಿದೇಶಿಯರು. ಜೊತೆಗೆ ನಮ್ಮ ಕಡೆಯ ಮಾತು ಬಲ್ಲ, ಸಫಾರಿ ಸೂಟಿನ ಹೈದರಾಬಾದಿನವನೊಬ್ಬ. ಜೀಪಿನಲ್ಲಿ ಬರುವವರೂ ಸಫಾರಿ ಸೂಟೇ ಹಾಕುತ್ತಿದ್ದರು. ಒಂದು ಕಾರಿನ ಪೆಟ್ರೋಲ್ ಟ್ಯಾಂಕಿಗೆ ಕಲ್ಲು ಬಡಿದು ಸೋರುತ್ತಿತ್ತು. ಆದೆಪ್ಪ ಕೈ ತೊಳೆಯುವ ಸೋಪಿನ ತುಂಡು ಹಿಡಿದು ಕಾರಿನ ಕೆಳಗೆ ನುಗ್ಗಿದ. ಸೋರುವ ಜಾಗಕ್ಕೆ ಸೋಪು ಒತ್ತಿ ತಿಕ್ಕಿದರೆ ಪೆಟ್ರೋಲು ನಿಲ್ಲುತ್ತದೆ. ನಮ್ಮ ಲಾರಿಯವರಿಗೆಲ್ಲ ಗೊತ್ತಿದ್ದ ವಿಷಯ, ಆ ದೊರೆಗಳಿಗೆ ಗೊತ್ತಿರಲಿಲ್ಲ. ಸುತ್ತ ನಿಂತು ಬೆರಗಾಗಿ ನೋಡುತ್ತಿದ್ದರು. ಅಷ್ಟರಲ್ಲಿ ರಸ್ತೆಯ ಆಚೆ ಲಾರಿಯೊಂದು ನಿಂತು ಅದರ ಡ್ರೈವರ್ ನನ್ನನ್ನು ಕರೆದ, ಗಾಲಿ ಬಿಚ್ಚಲು ಹೋದೆ.

ಅರ್ಧ ಗಂಟೆ ಬಿಟ್ಟು ಮರಳಿ ಬರುವಾಗ ಸಫಾರಿಯವನು ವ್ಯಾನಿನ ಡ್ರೈವರಿಗೆ ಹೇಳುತ್ತಿದ್ದ: “ಹನ್ನೊಂದು ಕೇಸು ಅದಾವ, ನೆಪ್ಪಿರಲಿ. ಸಂಜಿಯೊಳಗ ರಾಯಚೂರು ಮುಟ್ಟಬೇಕು. ಒಂದೂ ಕಮ್ಮಿ ಆಗಬಾರದು.”

ಮೆಲ್ಲಗೆ ವ್ಯಾನಿನ ಕಿಟಕಿಯಲ್ಲಿ ಇಣುಕಿದೆ. ಧೋತರ ಉಟ್ಟ, ರುಮಾಲು ಸುತ್ತಿದ ನಮ್ಮ ಕಡೆಯ ಗಂಡಸರು ಒತ್ತೊತ್ತಾಗಿ ಕೂತಿದ್ದರು. ಎಣಿಸಿದೆ, ಹತ್ತು. ಮತ್ತೊಮ್ಮೆ ಎಣಿಸಿದೆ. ಹತ್ತೇ.

ತಿರುಗಿ ನೋಡಿದರೆ ಆ ವಿದೇಶಿಯರಲ್ಲಿ ಬಿಳಿ ಅಂಗಿಯ ಹೆಂಗಸೊಬ್ಬಳು ಆದೆಪ್ಪನ ಕೈಗೆ ಪೆನ್ನು ಕೊಟ್ಟು ಕಾಗದದ ಮೇಲೆ ಸಹಿ ಮಾಡಿಸುತ್ತಿದ್ದಾಳೆ! ಅವನೋ, ನಾಲ್ಕನೇ ಇಯತ್ತೆ ತನಕ ಓದಿದ ಜಾಣ, ನಾಲಿಗೆ ಹೊರಗೆ ಹಾಕಿ ತನ್ನ ಹೆಸರನ್ನು ಕೊರೆಯುತ್ತಿದ್ದಾನೆ.

“ಇವನೂ ನಮ್ಮ ಸಂಗಟ ಬರಲಿ,” ಅಂದ ಸಫಾರಿಯವನು. “ರಸ್ತೆದಾಗ ಮತ್ತ ಸೋರಿದ್ರ ಬೇಕಾಗ್ತಾನ.”

ಆದೆಪ್ಪನ ಮುಖ ಅರಳಿತು. ನಾನು ಅವನ ರಟ್ಟೆ ಹಿಡಿದು ಅಂಗಡಿಯ ಹಿಂದಕ್ಕೆ ಎಳೆದೆ.

“ಲೇ, ಹನ್ನೊಂದು ಕೇಸು ಅಂತ. ಒಳಗ ಹತ್ತು ಮಂದಿ ಅದಾರ. ಹನ್ನೊಂದನೇದವ ನೀನ!”

“ಹಂಗಲ್ಲಣ್ಣಾ, ನಾ ನೋಡೀನಿ...”

ಕಪಾಳಕ್ಕೆ ಬಾರಿಸಿದೆ. ಹುಟ್ಟಿದಾಗಿನಿಂದ ಅವನ ಮೇಲೆ ಕೈ ಎತ್ತಿದವನಲ್ಲ ನಾನು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಾಚಿಕೆಯೂ ಆಗಲಿಲ್ಲ. “ಕಾಲಿಗೆ ಬೀಳ್ತೀನೋ ಆದೆಪ್ಪ, ಅವ್ವಗ ನಾ ಏನಂತ ಹೇಳಲಿ?” ಅಂದೆ. ಆ ಹೊತ್ತಿಗೇ ಮಾನ್ವಿಯ ಬಸ್ಸು ಬಂತು. ಮಾನ್ವಿಯಲ್ಲಿ ಅಕ್ಕ ವೆಂಕಮ್ಮನ ಮನೆ ಇತ್ತು. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಸ್ಸು ಹತ್ತಿದ.

ತಮ್ಮ ಎಲ್ಲಿ ಅಂದವರಿಗೆ ಹೊಟ್ಟೆ ಕೆಟ್ಟು ಹೊಲಕ್ಕೆ ಹೋಗಿದ್ದಾನೆ ಅಂದೆ. ಬಹಳ ಹೊತ್ತು ಕಾದು ವ್ಯಾನು ರಾಯಚೂರಿನ ದಾರಿ ಹಿಡಿಯಿತು. ಆ ಧೂಳು ನೋಡುತ್ತಾ ನಾನು ಗೆದ್ದೆ ಅಂದುಕೊಂಡೆ. ಮೂರ್ಖ!

ಸಂಜೆ ಅದೇ ಬಸ್ಸಿನ ಕಂಡಕ್ಟರ್ ಮರಳಿ ಬಂದು ನನ್ನ ಮುಂದೆ ತಲೆ ತಗ್ಗಿಸಿ ನಿಂತ. ಮಾನ್ವಿ ಇನ್ನೆರಡು ಮೈಲಿ ಇರುವಾಗ ರಸ್ತೆಗೆ ಅಡ್ಡ ಜೀಪು ನಿಂತಿತ್ತಂತೆ. ಗಂಡಸರನ್ನೆಲ್ಲ ಇಳಿಸಿದರಂತೆ. ಆದೆಪ್ಪ ಮದುವೆಯೇ ಆಗಿಲ್ಲ ಅಂದನಂತೆ. ಅವನ ಮೀಸೆ ನೋಡಿ ನಕ್ಕರಂತೆ.

ನಾಲ್ಕನೆಯ ದಿನ ಅವನು ಮನೆಗೆ ಬಂದ. ಮುಳ್ಳಿನ ಮೇಲೆ ಕಾಲಿಟ್ಟವನಂತೆ ನಡೆಯುತ್ತಿದ್ದ. ಅವ್ವ ಒಲೆಯ ಮುಂದೆ ಕೂತಳು. ತಿಂಗಳೊಳಗೆ ಕವಿತಾಳದಿಂದ ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ಆದೆಪ್ಪ ಮೀಸೆ ಬೋಳಿಸಿಬಿಟ್ಟ.

ಮರುವರ್ಷ ವಿದೇಶದಿಂದ ಒಂದು ಲಕೋಟೆ ಬಂತು. ಹೆಡ್‌ಮಾಸ್ತರರು ಓದಿ ಹೇಳಿದರು. ಅವರ ದೇಶದಲ್ಲಿ ಕಾರುಗಳ ಬಗ್ಗೆ ಟಿವಿಯಲ್ಲಿ ವಾರವಾರ ಒಂದು ಕಾರ್ಯಕ್ರಮ ಬರುತ್ತದಂತೆ. ಕೆಟ್ಟ ರಸ್ತೆಗಳಲ್ಲಿ ಕಾರು ಓಡಿಸಿ, ಯಾವುದು ಗಟ್ಟಿ ಎಂದು ತೋರಿಸುತ್ತಾರಂತೆ. ಆ ವರ್ಷ ಅದು ಹನ್ನೆರಡು ವಾರ ಬಂದಿತ್ತು, ಏಳನೆಯ ವಾರ ತೋರಿಸಿದ್ದು ನಮ್ಮ ದೇವದುರ್ಗದ ರಸ್ತೆ. ನೋಡಿದವರಿಗೆಲ್ಲ ಸೋಪಿನ ಹುಡುಗನೇ ಮೆಚ್ಚಿಗೆಯಾದನಂತೆ. ಆ ದಿನ ಅವನಿಂದ ಹಾಕಿಸಿಕೊಂಡ ಸಹಿ ಟಿವಿಯಲ್ಲಿ ತೋರಿಸಲು ಒಪ್ಪಿಗೆಯದಂತೆ. ಅವನನ್ನು ಮದ್ರಾಸಿನ ತನಕ ಕರೆದೊಯ್ಯಬೇಕು ಅಂತಿದ್ದೆವು, ಎಲ್ಲಿ ಹೋದ ಎಂದು ಕೇಳಿದ್ದರು. ಜೊತೆಗೊಂದು ಫೋಟೋ. ವ್ಯಾನಿನ ಮುಂದೆ ಆ ಹತ್ತು ಮಂದಿ ಹಲ್ಲು ಕಿಸಿದು ನಿಂತಿದ್ದರು. ಹಳ್ಳದ ಮರಳಿನಲ್ಲಿ ಕಾರು ನೂಕಲು ಕರೆತಂದ ಕೂಲಿಯವರು ಎಂದು ಕಾಗದದಲ್ಲಿತ್ತು. ಅವರ ಕಾಲ ಬಳಿ ಸಾಲಾಗಿ ಬೆಳ್ಳಗೆ ಹೊಳೆಯುವ ಪೆಟ್ಟಿಗೆಗಳು. ಕ್ಯಾಮೆರಾ ಇಡುವ ಪೆಟ್ಟಿಗೆಗಳಿಗೆ ಅವರು ಕೇಸು ಅನ್ನುತ್ತಾರೆ ಎಂದರು ಮಾಸ್ತರರು. ಎಣಿಸಿದೆ. ಹನ್ನೊಂದು.

ಲಕೋಟೆಯನ್ನು ಸ್ಪ್ಯಾನರ್ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ. ತಮ್ಮನಿಗೆ ಬೇರೆಯೇ ಹೇಳಿದ್ದೆ: ವ್ಯಾನಿನವರೂ ಜೀಪಿನವರೂ ಒಂದೇ, ಯಾವ ಗಾಡಿ ಹತ್ತಿದ್ದರೂ ಗತಿ ಅಷ್ಟೇ. ಅವನು ಹೂಂ ಅಂದಿದ್ದ. ಅದೊಂದು ಹೂಂ ಮೇಲೆ ನಾನು ಹತ್ತು ವರ್ಷ ಬದುಕಿದೆ. ಅವನಿಗೆ ನಿಜ ಗೊತ್ತಾದೀತೆಂದು ಪ್ರತಿ ದಿನವೂ ಹೆದರಿದೆ.

ಆದೆಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಹಿಡಿದ. ಎಂಬತ್ತಾರರಲ್ಲಿ ಟಿವಿ ಕೊಂಡು ತಂದು ನಮ್ಮ ಮನೆಯಲ್ಲಿಟ್ಟ, ನನ್ನ ಹೆಣ್ಣುಮಕ್ಕಳು ನೋಡಲಿ ಅಂತ. ಅವರೆಂದರೆ ಅವನಿಗೆ ಜೀವ. ಪರದೆಯ ಮೇಲೆ ವಿದೇಶದ ಕಾರು ಬಂದರೆ ನಾನು ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಒಂದು ಭಾನುವಾರ ಏಳುವುದರೊಳಗೆ ಬಂದೇಬಿಟ್ಟಿತು. ಧೂಳಿನ ರಸ್ತೆ, ಕಾರುಗಳು, ಪಕ್ಕದಲ್ಲಿ ಅಂಥವೇ ಬಿಳಿ ಪೆಟ್ಟಿಗೆಗಳು.

“ಕಾಕಾ, ಆ ಪೆಟ್ಟಿಗ್ಯಾಗ ಏನಿರ್ತದ?” ಅಂದಳು ದೊಡ್ಡ ಮಗಳು ಅಂಬಮ್ಮ.

“ಕ್ಯಾಮೆರಾ ಯವ್ವಾ,” ಅಂದ ಆದೆಪ್ಪ. “ಒಂದರಾಗ ಕ್ಯಾಮೆರಾ, ಒಂದರಾಗ ವೈರು. ಒಳಗ ಕರೇ ಸ್ಪಂಜು ಹಾಸಿರ್ತಾರ. ನಾ ನೋಡೀನಿ.”

“ಯಾವಾಗ ನೋಡಿದಿ?” ಅಂದೆ.

“ನೀ ಲಾರಿ ಗಾಲಿ ಬಿಚ್ಚಾಕತ್ತಿದ್ದಿ. ಆ ಬಿಳಿ ಅಂಗಿ ಬಾಯಾರು ಒಂದೊಂದ ತೆರದು ತೋರಿಸಿದ್ರು. ಹನ್ನೊಂದೂ.”

“ಗೊತ್ತಿದ್ದು ಬಸ್ ಯಾಕ ಹತ್ತಿದ್ಯೋ?”

ಅವನು ನನ್ನ ಕಡೆ ತಿರುಗಲಿಲ್ಲ.

“ನೀ ಅಳಾಕತ್ತಿದ್ದೆಲ್ಲಣ್ಣಾ,” ಅಂದ. ಆಮೇಲೆ ಅಂಬಮ್ಮನಿಗೆ ಟಿವಿಯ ಸದ್ದು ಸ್ವಲ್ಪ ಹೆಚ್ಚು ಮಾಡಲು ಹೇಳಿದ.